ಮಾವನವರ ಕೆನ್ನೆಯ ಬಣ್ಣ

ಕಲರ್ ಮೀಟರ್ ಕೊಂಡ ದಿನದಿಂದ ಅಳಿಯನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಗೈಯಲ್ಲಿ ಹಿಡಿಸುವ ಕಪ್ಪು ಡಬ್ಬಿ, ಅದರ ನೆತ್ತಿಯಲ್ಲೊಂದು ಬಿಳಿ ಗುಬುಟು. ಆ ಗುಬುಟಿನ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪೆಷ್ಟು, ನೀಲಿಯೆಷ್ಟು ಎಂದು ಅದು ಅಂಕಿಯಲ್ಲಿ ಹೇಳಿಬಿಡುತ್ತದೆ. ಕೆಂಪು ಹೆಚ್ಚಿದ್ದರೆ ಲೆನ್ಸಿನ ಮುಂದೆ ನೀಲಿ ಫಿಲ್ಟರ್ ಹಾಕಬೇಕು. ರೀಲಿನ ಕ್ಯಾಮೆರಾ ಹಿಡಿದವರಿಗೆ ಇದೆಲ್ಲ ಬೇಕು, ರೀಲು ತೊಳೆದು ಬೆಳಕಿಗೆ ಹಿಡಿದು ನೋಡುವ ಸ್ಲೈಡಿನಲ್ಲಿ ಬಣ್ಣ ಒಮ್ಮೆ ಕೆಟ್ಟರೆ ಕೆಟ್ಟಂತೆಯೇ. ಅಡುಗೆಮನೆಯ ದೀಪ, ಮೆಟ್ಟಿಲ ಕೆಳಗಿನ ಮಬ್ಬು, ಫ್ರಿಜ್ಜಿನ ಒಳಗು ಎಂದು ಅವನು ಅಳೆಯದೆ ಬಿಟ್ಟ ಬೆಳಕಿರಲಿಲ್ಲ. "ನನ್ನ ಮುಖ ಯಾವಾಗ ನೋಡ್ತೀರಿ?" ಎಂದು ಹೆಂಡತಿ ಕೇಳಿದ್ದಕ್ಕೆ ಮೀಟರನ್ನು ಅವಳ ಗಲ್ಲದ ಹತ್ತಿರ ಹಿಡಿದು ಚೆನ್ನಾಗಿ ಬೈಸಿಕೊಂಡಿದ್ದ.

ಈ ಸಂಭ್ರಮ ಅತ್ತೆಯ ಕಿವಿಗೂ ಬಿತ್ತು. ಅತ್ತೆ ಚಿತ್ರ ಬರೆಯುವವರು. ಗ್ರಂಥಪಾಲಕರಾಗಿದ್ದ ಗಂಡನನ್ನು, ಅವರು ತೀರಿಕೊಳ್ಳುವ ಹಿಂದಿನ ವರ್ಷ, ಕಿಟಕಿಯ ಪಕ್ಕ ಕೂರಿಸಿಕೊಂಡು ಎಣ್ಣೆಬಣ್ಣದಲ್ಲಿ ಬರೆದಿದ್ದರು. ಗ್ರಂಥಾಲಯದವರು ಹೊಸ ಓದುವ ಕೋಣೆಗೆ ಆ ಚಿತ್ರ ಕೇಳಿದಾಗ ಹಿಂದುಮುಂದು ನೋಡದೆ ಒಪ್ಪಿಬಿಟ್ಟರು. ಆಮೇಲೆ ಶುರುವಾಯಿತು ಸಂಕಟ. ಆದರೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವರದಲ್ಲ.

"ಅಳಿಯಂದ್ರೇ, ಅದರದ್ದೊಂದು ಫೋಟೋ ತೆಗೆದುಕೊಡಿ," ಎಂದರು. "ಫೋನಲ್ಲಿ ಬೇಡ, ಅದು ಎಲ್ಲರ ಮುಖಕ್ಕೂ ಪೌಡರ್ ಬಳಿಯುತ್ತೆ. ಆ ಕೆನ್ನೆ ಬಣ್ಣ ಕೂಡಿಸೋಕೆ ನಾನು ಒಂದು ಮಳೆಗಾಲ ಪೂರ್ತಿ ಒದ್ದಾಡಿದೀನಿ. ಅದು ಇದ್ದ ಹಾಗೇ ಬರಬೇಕು."

"ನನ್ನ ಕಣ್ಣು ಬೇಕಾದ್ರೆ ಸುಳ್ಳು ಹೇಳುತ್ತೆ ಅತ್ತೆ, ಇದು ಹೇಳಲ್ಲ," ಎಂದು ಅಳಿಯ ಮೀಟರ್ ತೋರಿಸಿ ಎದೆಯುಬ್ಬಿಸಿದ.

ಉಬ್ಬಿದ ಎದೆಯ ಮೇಲೆ ಕೆಂಪು ಸ್ವೆಟರಿತ್ತು. ಅತ್ತೆಯೇ ಹೆಣೆದು ಕೊಟ್ಟದ್ದು. ಅವರಿಗೆ ಬೇಜಾರಾಗಬಾರದೆಂದು ಅವರ ಮನೆಗೆ ಹೋಗುವಾಗಲೆಲ್ಲ ಅದನ್ನೇ ತೊಟ್ಟು ಹೋಗುತ್ತಿದ್ದ. ದೂರದಿಂದ ಕಂಡವರು ಅಂಚೆಪೆಟ್ಟಿಗೆ ನಡೆದು ಬಂತು ಅಂದುಕೊಳ್ಳಬೇಕು, ಅಂಥ ಕೆಂಪು.

ಮೀಟರ್ ಕೆಂಪು ಹೆಚ್ಚೆಂದಿತು, ನೀಲಿ ಫಿಲ್ಟರ್ ಹಾಕಿ ತೆಗೆದ. ಸ್ಲೈಡುಗಳು ಬಂದವು. ಮಾವನವರು ನೀಲಿಗಟ್ಟಿದ್ದರು, ತಣ್ಣೀರಲ್ಲಿ ಅದ್ದಿ ಎತ್ತಿದ ಹಾಗೆ. ಅತ್ತೆ ಒಂದನ್ನು ದೀಪಕ್ಕೆ ಹಿಡಿದು ನೋಡಿ, "ಇವರು ಯಾರೋ ಬೇರೆಯವರು," ಎಂದಷ್ಟೇ ಹೇಳಿ ಮೇಜಿನ ಮೇಲಿಟ್ಟರು. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಬೈಯದೆ ಹೋದದ್ದಕ್ಕೆ ಅವನ ಜೀವ ಹಿಡಿಯಷ್ಟಾಯಿತು.

ರೀಲು ತೊಳೆದವನ ಮೇಲೆ ಹರಿಹಾಯ್ದ. ಅವನೋ, "ಅದೇ ನೀರಲ್ಲಿ ತೊಳೆದ ಬೇರೆಯವರ ರೀಲು ಸರಿಯಾಗೇ ಬಂದಿದೆ ಸ್ವಾಮಿ," ಎಂದು ತೆಗೆದು ತೋರಿಸಿ ಬಾಯಿ ಮುಚ್ಚಿಸಿದ. ಮರುದಿನ ಬೆಳಿಗ್ಗೆ ಗ್ರಂಥಾಲಯದ ವ್ಯಾನು ಬರುವುದಿತ್ತು. ಅದಕ್ಕೆ ಮೊದಲು ಇನ್ನೊಂದು ಸಲ ತೆಗೆಯಬಹುದು. ಅದೂ ಕೆಟ್ಟರೆ ಅತ್ತೆಗೆ ಬರಿಗೋಡೆಯೇ ಗತಿ.

ಬೆಳಿಗ್ಗೆ ಮನೆ ತಣ್ಣಗೆ ಕೊರೆಯುತ್ತಿತ್ತು. ಅಳಿಯ ಚಿತ್ರಕ್ಕೆ ಎದುರಾಗಿ ನಿಂತು, ಗುಬುಟನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ ಮೀಟರನ್ನು ಮಾವನವರ ಕೆನ್ನೆಯ ಹತ್ತಿರ ಹಿಡಿದ. ಹಿಂದಿನ ಸಲದ ಅಂಕಿಯೇ ಬಂತು. ಬೆಳಕು ಕೆಂಪು, ಹಾಕು ನೀಲಿ ಫಿಲ್ಟರ್ ಎಂದೇ ಅರ್ಥ. ಗುಬುಟು ಒರೆಸಿ ಮತ್ತೆ ಹಿಡಿದ, ಅದೇ ಅಂಕಿ.

"ಎಲ್ಲಿ, ಇತ್ತ ಕೊಡಿ," ಎಂದು ಬೂದು ಶಾಲು ಹೊದ್ದ ಅತ್ತೆ ಮೀಟರ್ ಇಸಿದುಕೊಂಡು ಅವನ ಜಾಗದಲ್ಲೇ ನಿಂತು ಹಿಡಿದರು. ಕೆಂಪು ಮಾಯ! ಅವನು ಹಿಡಿದರೆ ಮತ್ತೆ ಕೆಂಪು, ಅವರು ಹಿಡಿದರೆ ಇಲ್ಲ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. "ಅಪ್ಪನ ಎದುರು ನಿಂತ್ರೆ ಇವರಿಗೆ ಈಗಲೂ ಮುಖ ಕೆಂಪಾಗುತ್ತೆ ಕಣಮ್ಮ!"

ಅಳಿಯ ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ತನ್ನ ಎದೆಯೇ ಕಂಡಿತು. ಕಿಟಕಿಯ ಬೆಳಕು ಸ್ವೆಟರಿಗೆ ಬಡಿದು ಗುಬುಟಿನ ಮೇಲೆ ಬೀಳುತ್ತಿತ್ತು. ಪಾಪ, ಮೀಟರ್ ಸ್ವೆಟರಿನ ಬಣ್ಣವನ್ನೂ ಸೇರಿಸಿಕೊಂಡು ನಿಯತ್ತಾಗಿ ಲೆಕ್ಕ ಒಪ್ಪಿಸುತ್ತಿತ್ತು. ಅದನ್ನು ನಂಬಿ ಈ ಮಹಾಶಯ ಮಾವನವರ ಮುಖಕ್ಕೆ ನೀಲಿ ಬಳಿದಿದ್ದ.

ಕಾರಣ ಸಿಕ್ಕಿತು, ಆದರೆ ಅತ್ತೆಗೆ ಹೇಳುವುದು ಹೇಗೆ? "ಯಾಕೋ ಸೆಕೆ," ಎಂದು ಗೊಣಗುತ್ತ ಸ್ವೆಟರ್ ಕಳಚಿದ. ಒಳಗಿದ್ದದ್ದು ತೆಳ್ಳನೆಯ ಬಿಳಿ ಬನಿಯನ್ನು. ಹಲ್ಲು ಕಟಕಟ ಅಂದವು.

"ಹಲ್ಲು ಕಡೀತಾ ಸೆಕೆ ಅಂತೀರಲ್ಲ, ನನ್ನ ತಲೇಲಿ ಏನು ಮಣ್ಣು ತುಂಬಿದೆಯಾ?" ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಸ್ವೆಟರಿಂದಾನೇ ಕೆಟ್ಟಿದ್ದು ಅನ್ನಿ. ನಾನದನ್ನ ಹೆಣೆದದ್ದು ಇವರಿಗೆ," ಎಂದು ಚಿತ್ರದ ಕಡೆ ಬೆರಳು ತೋರಿಸಿದರು. "ಪ್ರಾಣ ಹೋದ್ರೂ ಹಾಕ್ಕೊಳ್ಳಲ್ಲ ಅಂದ್ರು. ನೀವು ಬಾಯಿ ಸತ್ತೋರು, ನಿಮ್ಮ ತಲೆಗೆ ಕಟ್ಟಿದೆ!"

ಮೂವರೂ ಹೊಟ್ಟೆ ಹಿಡಿದು ನಕ್ಕರು. ಅಳಿಯ ಬನಿಯನ್ನಿನಲ್ಲೇ ಮತ್ತೆ ಅಳೆದ. ಅಂಕಿ ಅತ್ತೆಯ ಅಂಕಿಗೆ ಬಂದು ಕೂತಿತು. ಫಿಲ್ಟರ್ ಬಿಚ್ಚಿಟ್ಟು, ಉಸಿರು ಬಿಗಿಹಿಡಿದು ರೀಲು ಮುಗಿಯುವ ತನಕ ಕ್ಲಿಕ್ಕಿಸಿದ. ಸ್ವಲ್ಪ ಹೊತ್ತಿಗೆ ವ್ಯಾನು ಬಂತು, ಮಾವನವರು ಹಳೆಯ ಕಂಬಳಿ ಸುತ್ತಿಕೊಂಡು ಹೊರಟುಹೋದರು. ಅತ್ತೆ ಗೇಟಿನ ತನಕ ಹೋಗಿ, "ಮೆಲ್ಲಗೆ, ಮೆಲ್ಲಗೆ," ಎನ್ನುತ್ತಿದ್ದರು.

ಹೊಸ ಸ್ಲೈಡು ಬಂದ ದಿನ ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಈ ಸಲವೂ ಕೆಟ್ಟಿತಾ ಎಂದು ಅಳಿಯ ಅವರ ಮುಖವನ್ನೇ ನೋಡಿದ.

"ರೀ," ಎಂದರು ಅತ್ತೆ. ಅಳಿಯನಿಗಲ್ಲ, ಮಗಳಿಗೂ ಅಲ್ಲ. "ಒಂದು ದಿನ ಗಡ್ಡ ತೆಗೆದು ಕೂತಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಬಡ್ಕೊಂಡೆ ನಾನು, ಕೇಳಿದ್ರಾ? ಈಗ ಊರೋರೆಲ್ಲ ಆ ಕೂಳೆ ನೋಡ್ಕೊಂಡು ಪುಸ್ತಕ ಓದಬೇಕು!"

ಅಳಿಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ, ಕಣ್ಣೂ ತುಂಬಿ ಬಂತು. ಅತ್ತೆ ಇನ್ನೂ ಬೈಯುತ್ತಲೇ ಇದ್ದರು. ಅವನು ಸದ್ದಾಗದಂತೆ ಕುರ್ಚಿಯೊಂದನ್ನು ಅವರ ಹಿಂದೆ ತಂದಿಟ್ಟು, ಹೆಂಡತಿಗೆ ಕಣ್ಸನ್ನೆ ಮಾಡಿ, ಅತ್ತೆ ಮಾವ ಇಬ್ಬರನ್ನೇ ಅಲ್ಲಿ ಬಿಟ್ಟು ಹೊರಗೆ ಬಂದ.