ನಾಲ್ಕು ಗಿಡಗಳ ನಡುವಿನ ಖಾಲಿ ಕಡ್ಡಿ

ಕಂಪ್ಯೂಟರಿನೊಳಗಿನ ಫ್ಯಾನು ಒಮ್ಮೆ ಜೋರಾಗಿ ಉಸಿರೆಳೆದು ಸುಮ್ಮನಾಯಿತು, ಪರದೆಯ ಮೇಲಿನ ಆಟದಲ್ಲಿ ಸಂಜೆಯಾಗುತ್ತಿದೆ, ಇಲ್ಲಿ ಕಿಟಕಿಯ ಹೊರಗೆ ಇನ್ನೂ ಮಟಮಟ ಮಧ್ಯಾಹ್ನ, ಎದುರು ಮನೆಯವರು ಚಾಪೆ ಕೊಡವುತ್ತಿದ್ದಾರೆ, ದಪ್ ದಪ್ — ಕ್ಷಮಿಸಬೇಕು, ಇಷ್ಟು ಸಣ್ಣ ವಿಷಯವನ್ನು ಹೇಳಿಕೊಳ್ಳಲು ಹೊರಟಿದ್ದಕ್ಕೆ, ಆದರೆ ಯಾರ ಹತ್ತಿರ ಕೇಳುತ್ತಿದ್ದೇನೆ ಕ್ಷಮೆ, ಕೋಣೆಯಲ್ಲಿ ನಾನೊಬ್ಬಳೇ, ನನಗೆ ಮಾತಿಗಿಂತ ಮೊದಲು ಕ್ಷಮೆಯೇ ಬಾಯಿಗೆ ಬರುತ್ತದೆ, ಲಾಂಡ್ರಿಯಲ್ಲಿ ಬೇರೆಯವರು ನನ್ನ ಕಾಲು ತುಳಿದರೂ ಸಾರಿ ಅನ್ನುವವಳು ನಾನೇ. ಇವತ್ತು ಮಾತ್ರ ಅನ್ನಲಿಲ್ಲ. ಕೊಡಲ್ಲ ಅಂದೆ, ತಮ್ಮನಿಗೆ, ಒಡಹುಟ್ಟಿದ ತಮ್ಮನಿಗೆ, ಅವನು ಆಟ ಬಿಟ್ಟು ಎದ್ದುಹೋದ, ಈಗ ಪರದೆಯೊಳಗಿನ ಈ ಲೋಕದಲ್ಲಿ ನಾನೊಬ್ಬಳೇ ನಿಂತಿದ್ದೇನೆ, ಚೀಲದಲ್ಲಿ ಅವನ ರಿಯಾಕ್ಟರಿನಿಂದ ಕಿತ್ತುಕೊಂಡ ಯುರೇನಿಯಂ ಸರಳುಗಳು, ಎದುರಿಗೆ ನನ್ನ ಹೊಲ, ಹೊಲದ ನಟ್ಟನಡುವೆ ನಾಲ್ಕು ಗಿಡಗಳು, ಆ ನಾಲ್ಕರ ಮಧ್ಯೆ ಏನೂ ಹುಟ್ಟದ ಖಾಲಿ ಅಡ್ಡಕಡ್ಡಿ.

ಆಟವೇ, ಯಾರು ಅಲ್ಲ ಅಂದರು, ಚೌಕ ಚೌಕದ ಇಟ್ಟಿಗೆಗಳಿಂದ ಮನೆ ಕಟ್ಟುವ ಆಟ, ಅದರ ಮೇಲೆ ಯಾರೋ ಪುಣ್ಯಾತ್ಮರು ಸೇರಿಸಿದ ಗಿಡಗಳು, ಯಂತ್ರಗಳು. ತಮ್ಮ ಮದುವೆಯಾಗಿ ಬೇರೆ ಊರಿಗೆ ಹೋಗುವಾಗ ಇದನ್ನು ನನಗೆ ಹಾಕಿಕೊಟ್ಟು ಹೋದ, ರಜಾ ದಿನ ಇಲ್ಲೇ ಸಿಗೋಣ ಅಕ್ಕ, ಫೋನಲ್ಲಿ ಊಟ ಆಯ್ತಾ ಊಟ ಆಯ್ತಾ ಅಂತ ಎಷ್ಟು ಸಲ ಕೇಳೋದು. ನಿಜ, ಫೋನಿನಲ್ಲಿ ನಮಗೆ ಮಾತು ಬರುವುದಿಲ್ಲ, ಹೆಡ್‌ಫೋನು ಸಿಕ್ಕಿಸಿಕೊಂಡು ಇಲ್ಲಿ ಆಡುವಾಗ ಬರುತ್ತದೆ, ಅವನು ಮಣ್ಣು ಅಗೆಯುತ್ತಾ ತನ್ನ ಮೊಬೈಲು ರಿಪೇರಿ ಅಂಗಡಿಯ ಕಷ್ಟ ಹೇಳುತ್ತಾನೆ, ಒಡೆದ ಮೊಬೈಲು ತಂದುಕೊಟ್ಟು ನಾನು ಬೀಳಿಸೇ ಇಲ್ಲ ಅನ್ನುವ ಗಿರಾಕಿಗಳ ಕಥೆ, ನಾನು ಗಿಡ ನೋಡಿಕೊಳ್ಳುತ್ತಾ ಹೂಂ ಅನ್ನುತ್ತೇನೆ. ಅಮ್ಮ ಬಾಗಿಲಲ್ಲಿ ನಿಂತು, ಮನೆ ಕುಂಡದಲ್ಲಿರೋದು ಒಣಗಿ ಕಡ್ಡಿಯಾಯ್ತು, ಇವಳು ಪರದೆ ಒಳಗಿನ ಗಿಡಕ್ಕೆ ನೀರು ಹಾಕ್ತಾಳೆ. ಹಾಕುತ್ತೇನಮ್ಮ, ಅದು ನನ್ನ ಮಾತು ಕೇಳುತ್ತದೆ. ಎರಡು ಗಿಡಗಳ ನಡುವೆ ಅಡ್ಡಕಡ್ಡಿ ನೆಟ್ಟು ಕಾಯಬೇಕು, ಅಪ್ಪ ಅಮ್ಮನ ಗುಣ ಬೆರೆತು ಅಲ್ಲಿ ಮರಿ ಗಿಡ ಹುಟ್ಟುತ್ತದೆ, ಅದು ಎಷ್ಟು ಬೇಗ ಬೆಳೆಯುತ್ತದೆ, ಎಷ್ಟು ಫಲ ಕೊಡುತ್ತದೆ, ಎಷ್ಟು ತಾಳುತ್ತದೆ, ಎಲ್ಲ ಕರೆಂಟಿನ ಭೂತಗನ್ನಡಿ ಹಿಡಿದು ನೋಡಿ ಒಳ್ಳೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಕೀಳಬೇಕು. ಸಂಜೆ ತರಗತಿಯಲ್ಲಿ ಮೇಷ್ಟ್ರು ಬಟಾಣಿ ಗಿಡಗಳ ಗುಣ ಬೆರೆಯುವ ಚೌಕ ಬರೆದು ತೋರಿಸಿದಾಗ ನಾನು ತೂಕಡಿಸಿದ್ದೆ, ದಿನವಿಡೀ ಇಸ್ತ್ರಿ ಮಾಡಿದ ಕೈ, ಕಣ್ಣು ಹೇಗೆ ತೆರೆದಿರುತ್ತದೆ, ಆ ಚೌಕ ಅರ್ಥವಾದದ್ದು ಇಲ್ಲಿ. ಸರಿಯಾಗಿ ಅರ್ಥವಾಗಿದೆಯೋ ಇಲ್ಲವೋ, ಅದೂ ಒಂದು ಅನುಮಾನ.

ಖಾಲಿ ಕಡ್ಡಿಯಲ್ಲಿ ಮರಿಯೇ ಹುಟ್ಟಬೇಕೆಂದಿಲ್ಲ, ಕಳೆಯೂ ಹುಟ್ಟಬಹುದು, ಬಿಟ್ಟರೆ ಪಕ್ಕದ್ದನ್ನೆಲ್ಲ ನುಂಗುತ್ತದೆ. ಅದಕ್ಕಿಂತ ವಿಚಿತ್ರ ಇನ್ನೊಂದಿದೆ, ಬೆಳೆಯನ್ನು ಬೇಗ ಬೆಳೆಯುವಂತೆ ಮಾಡುತ್ತಾ ಮಾಡುತ್ತಾ ಒಂದು ಗೆರೆ ದಾಟಿದರೆ ಆ ಬೆಳೆಯೇ ಕಳೆಯ ಹಾಗೆ ಹಬ್ಬತೊಡಗುತ್ತದೆ. ಆ ಗೆರೆಗೆ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ತಮ್ಮ ನಿಲ್ಲಲಿಲ್ಲ, ಇನ್ನೊಂದೇ ಸಲ ಅಕ್ಕ, ಇನ್ನೊಂದು ಸ್ವಲ್ಪ ಬೇಗ, ನೋಡ್ತಿರು ಹೇಗೆ ಬರುತ್ತೆ ಅಂತ. ಬಂತು ಚೆನ್ನಾಗಿಯೇ, ಒಂದು ಊಟ ಮಾಡಿ ಬರುವಷ್ಟರಲ್ಲಿ ಮೊದಲ ಹೊಲವೆಲ್ಲ ಅದೊಂದೇ ಗಿಡ, ನಾನು ಸೇರಿಸಿದ್ದ ಒಂದು ತಳಿಯೂ ಉಳಿದಿರಲಿಲ್ಲ, ಅವನು ನಕ್ಕ, ಅಯ್ಯೋ ನಮ್ಮ ಮಾವನ ಕಡೆಯವರು ಬಂದ ಹಾಗಾಯ್ತಲ್ಲಕ್ಕ, ಮನೆ ತುಂಬಾ ಅವರೇ. ನಾನೂ ನಕ್ಕೆ. ನಕ್ಕು, ಮೊದಲಿಂದ ಶುರು ಮಾಡಿದೆ. ಈಗಿರುವ ಹೊಲ ಅದು, ಎರಡನೆಯದು, ಎಲೆಯಲ್ಲಿ ಕಬ್ಬಿಣ ಬಿಡುವ ಗಿಡದವರೆಗೆ ತಂದಿದ್ದೇನೆ, ಅಂಥ ನಾಲ್ಕರ ನಡುವೆ ಕಡ್ಡಿ ನೆಟ್ಟಿದ್ದೇನೆ, ಅಲ್ಲಿ ಚಿನ್ನದೆಲೆಯ ಗಿಡ ಹುಟ್ಟಬಹುದಂತೆ, ಹುಟ್ಟಿದರೆ. ವಾರಗಟ್ಟಲೆ ಕಳೆ ಕಿತ್ತೆ, ಮತ್ತೆ ಕಡ್ಡಿ ನೆಟ್ಟೆ, ಖಾಲಿ, ಮತ್ತೆ ಖಾಲಿ.

ಕರೆಂಟು ಹುಟ್ಟಿಸುವ ಅವನ ರಿಯಾಕ್ಟರು ಹೊಲಕ್ಕೆ ಅಂಟಿಕೊಂಡೇ ಇದೆ. ಒಳಗೆ ಚೌಕಗಳ ಪೆಟ್ಟಿಗೆ, ಒಂದೊಂದು ಚೌಕದಲ್ಲಿ ಸರಳೋ ಶಾಖ ಹೊರಗೂದುವ ಫ್ಯಾನೋ ತಣಿಸುವ ಡಬ್ಬಿಯೋ. ಸರಳುಗಳನ್ನು ದೂರ ದೂರ ಇಟ್ಟು ಸುತ್ತ ಫ್ಯಾನು ಜೋಡಿಸಿದರೆ ಕರೆಂಟು ಕಡಿಮೆ, ಆದರೆ ಬಿಸಿಯೇರುವುದಿಲ್ಲ, ಎಷ್ಟು ಹೊತ್ತಾದರೂ ಉರಿಯಬಹುದು. ಇದು ನನ್ನ ಜೋಡಣೆ. ಅವನದ್ದು ಸರಳಿಗೆ ಸರಳು ಒತ್ತಿ ಇಡುವುದು, ಕರೆಂಟು ದುಪ್ಪಟ್ಟು, ಶಾಖ ಅದಕ್ಕೂ ಮೇಲೆ, ತಣಿಸುವ ಡಬ್ಬಿಗಳು ತುಂಬುವ ಮೊದಲು ಯಾರಾದರೂ ಆರಿಸಬೇಕು, ಆರಿಸದಿದ್ದರೆ ರಿಯಾಕ್ಟರೂ ಇಲ್ಲ ಹೊಲವೂ ಇಲ್ಲ, ದೊಡ್ಡ ಹೊಂಡ. ಆ ಯಾರಾದರೂ ಯಾರು, ನಾನೇ. ಗಿರಾಕಿ ಬಂದ್ರು ಅಕ್ಕ, ಎರಡೇ ನಿಮಿಷ, ಒಂಚೂರು ನೋಡ್ಕೊ — ಹೋದರೆ ಹೋದ, ನಾನು ಕಳೆ ಕೀಳುವುದು ಬಿಟ್ಟು ಶಾಖ ತೋರಿಸುವ ಆ ಮುಳ್ಳು ಕೆಂಪಿಗೆ ಹೋಗುತ್ತದೇನೋ ಅಂತ ನೋಡುತ್ತಾ ಕೂರಬೇಕು, ಕಣ್ಣು ಕೀಳಲಾಗುವುದಿಲ್ಲ, ಆಟ ಕಣೇ ಆಟ ಅಂತ ನನಗೆ ನಾನೇ ಹೇಳಿಕೊಂಡರೂ ಆಗುವುದಿಲ್ಲ. ಇವತ್ತು ಬಂದವನೇ, ಅಕ್ಕ, ದೊಡ್ಡದು ಮಾಡ್ತಿದ್ದೀನಿ, ಈ ಕಡೆ ಜಾಗ ಸಾಲಲ್ಲ, ನಿನ್ನ ಹೊಲ ತೆಗೀಬೇಕು. ತೆಗೆಯೋದು ಅಂದ್ರೆ, ಅಂದೆ. ಬೀಜ ಚೀಲದಲ್ಲಿ ಹಾಕ್ಕೊ, ಬೆಟ್ಟದ ಆಚೆ ನೆಟ್ಕೊ, ಸ್ವಲ್ಪ ಸರ್ಕೊ ಅಕ್ಕ. ಬಲಿಯದ ಗಿಡ ಕಿತ್ತರೆ ಬೀಜ ಸಿಕ್ಕೇ ಸಿಗುತ್ತದೆಂದು ಏನು ಖಾತ್ರಿ, ಅವನಿಗೂ ಗೊತ್ತು ಅದು. ಆದರೆ ನನ್ನ ಕಿವಿಯಲ್ಲಿ ನಿಂತದ್ದು ಅದಲ್ಲ, ಸ್ವಲ್ಪ ಸರ್ಕೊ ಅಕ್ಕ. ಹಾಸಿಗೆಯಲ್ಲಿ ಸರ್ಕೊ, ಬಸ್ಸಿನ ಕಿಟಕಿ ಪಕ್ಕದಿಂದ ಸರ್ಕೊ, ಓದುವ ಮೇಜಿನಿಂದ ಸರ್ಕೊ ನಂಗೆ ನಾಳೆ ಪರೀಕ್ಷೆ, ನನಗೂ ನಾಳೆಯೇ ಪರೀಕ್ಷೆ, ಸರಿದೆ, ಸರಿದು ಸರಿದು ಗೋಡೆಗೆ ಬೆನ್ನು ಹತ್ತಿತು, ಇನ್ನೆಲ್ಲಿಗೆ ಸರಿಯಲಿ. ನೋಡಪ್ಪ, ನಾನು ಸರ್ಕೊಳಲ್ಲ, ಅಂದೆ. ಏನು. ಹೊಲ ಕೊಡಲ್ಲ. ಅಕ್ಕ, ಇದು ಆಟ ಅಷ್ಟೆ. ಆಟ ಆದ್ರೆ ನೀನೇ ಬೆಟ್ಟದ ಆಚೆ ಕಟ್ಕೊ. ಅವನು ಸಲಿಕೆ ತೆಗೆದ, ನಾನು ಓಡಿಹೋಗಿ ಪೆಟ್ಟಿಗೆ ತೆರೆದು ಸರಳುಗಳನ್ನೆಲ್ಲ ಕಿತ್ತು ಚೀಲಕ್ಕೆ ಹಾಕಿದೆ, ನನ್ನ ಕೈಯೇ ಅದು, ನನಗೇ ನಂಬಿಕೆಯಿಲ್ಲ. ಹಾಗಾದ್ರೆ ನೀನೇ ಇರು ಇಲ್ಲಿ, ನಾನಿನ್ನು ಬರಲ್ಲ — ಅವನ ಹೆಸರು ಪರದೆಯ ಮೂಲೆಯಿಂದ ಅಳಿಸಿಹೋಯಿತು, ಕರೆಂಟಿಲ್ಲದೆ ಹೊಲದ ದೀಪಗಳೂ ಆರಿದವು.

ಬರದಿದ್ದರೆ. ಬೇಡ, ಅದನ್ನು ಯೋಚಿಸುವುದಿಲ್ಲ. ಚೀಲದಲ್ಲಿರುವ ಸರಳು ಮೈ ಸುಡುತ್ತದೆ, ಆಟದಲ್ಲಿ ನನ್ನ ಜೀವ ಎಷ್ಟು ಉಳಿದಿದೆ ಅಂತ ತೋರಿಸುವ ಪರದೆಯ ಕೆಳಗಿನ ಕೆಂಪು ಹೃದಯಗಳು ಒಂದೊಂದೇ ಕಳಚುತ್ತಿವೆ, ಒಂದು ಕಳಚಿದರೆ ಒಂದು ರೊಟ್ಟಿ ತಿನ್ನುತ್ತೇನೆ, ನನ್ನ ಹೊಲದ್ದೇ ಗೋಧಿ, ನಿಂತಿರುತ್ತೇನೆ. ಅಮ್ಮ ಬಂದಳು, ಕೈಯಲ್ಲಿ ಫೋನು, ಅವನೇನೋ ಅಂತಿದ್ದಾನೆ, ಅಕ್ಕ ನನ್ನ ಸರಳು ಕದ್ದಳು ಅಂತೆ, ಏನೇ ಅದು, ಕೊಟ್ಬಿಡೆ, ಚಿಕ್ಕೋನು. ಅಮ್ಮ, ಚಿಕ್ಕೋನಿಗೆ ತಲೆಗೂದಲು ನೆರೆತಿದೆ. ನೆರೆತರೇನು, ನಿನಗಿಂತ ಚಿಕ್ಕೋನು ತಾನೇ, ನಿನಗೆ ಸರಳೇ ಬೇಕಿದ್ರೆ ಹಿತ್ತಲಲ್ಲಿ ಹಳೇ ಕಿಟಕೀದು ಬಿದ್ದಿದೆ, ಇಟ್ಕೊ. ನಗು ಬಂತು, ನಕ್ಕರೆ ಸೋತೆ, ನಗಲಿಲ್ಲ. ಕೊಡಲ್ಲ ಅಂತ ಹೇಳಮ್ಮ. ಅಮ್ಮ ನನ್ನ ಮುಖ ನೋಡಿದಳು, ಯಾವತ್ತೂ ನೋಡದ ಹಾಗೆ, ಆಮೇಲೆ ಫೋನಿಗೆ, ಕೊಡಲ್ವಂತೆ ಕಣೋ ಅನ್ನುತ್ತಾ ಹೋದಳು.

ಅವನಿಗೆ ಕ್ಷಮಿಸು ಅಂತ ಮೆಸೇಜು ಬರೆದೆ, ಅಳಿಸಿದೆ. ಇನ್ನೊಮ್ಮೆ ಬರೆದೆ, ಅಳಿಸಿದೆ. ನಾನು ಕೆಟ್ಟವಳಾದೆನೇ, ಆದರೂ ಆಗಲಿ, ಕದಿಯಲಿಲ್ಲವಲ್ಲ, ಎದುರಿಗೇ ಕಿತ್ತೆ. ಪೆಟ್ಟಿಗೆ ತೆರೆದು ಸರಳುಗಳನ್ನು ಒಳಗಿಡುತ್ತೇನೆ, ನನ್ನ ಹಾಗೆ, ದೂರ ದೂರ, ಒಂದೊಂದರ ಸುತ್ತ ಫ್ಯಾನು, ಗುಂಡಿ ಒತ್ತಿದೆ, ಮುಳ್ಳು ಅಲುಗಲಿಲ್ಲ, ಒಂದೊಂದೇ ದೀಪ ಮಂಕಾಗಿ ಹೊತ್ತಿತು, ಉರಿಯಲಿ ಹೀಗೇ, ಯಾರೂ ಕಾಯಬೇಕಾಗಿಲ್ಲ. ತಿರುಗಿ ನೋಡಿದರೆ ಹೊಲದ ನಡುವೆ, ನಾಲ್ಕು ಗಿಡಗಳ ಮಧ್ಯೆ, ಅಡ್ಡಕಡ್ಡಿಯ ಬುಡದಲ್ಲಿ ಎರಡೆಲೆ, ಹಸಿರು. ಕಳೆಯೇ, ಚಿನ್ನದೆಲೆಯೇ, ಮೊಳಕೆಯಲ್ಲಿ ಎರಡೂ ಒಂದೇ ಥರ, ಭೂತಗನ್ನಡಿ ತೆಗೆದೆ, ಚಾರ್ಜಿಲ್ಲ, ರಿಯಾಕ್ಟರಿಗೆ ಸಿಕ್ಕಿಸಿದೆ, ನನ್ನ ಜೋಡಣೆಯ ಕರೆಂಟು, ತುಂಬುವುದು ನಿಧಾನ, ಬಹಳ ನಿಧಾನ. ಕಳೆಯಾದರೆ ಈಗಲೇ ಕೀಳಬೇಕು, ಅಲ್ಲದಿದ್ದರೆ ಕಿತ್ತ ಕೈಯನ್ನು ನಾನೇ ಕ್ಷಮಿಸಲಾರೆ. ಮೂಲೆಯಲ್ಲಿ ಹೆಸರು ಮಿಂಚಿತು. ಬಂದಿದ್ದಾನೆ. ಹೊಲದ ಅಂಚಿನಲ್ಲಿ ನಿಂತಿದ್ದಾನೆ, ಕೈಯಲ್ಲಿ ಸಲಿಕೆ ಹಾಗೇ ಇದೆ, ಕಟ್ಟುವುದಕ್ಕೆ ಬಂದನೋ ಕೀಳುವುದಕ್ಕೋ, ಹೆಡ್‌ಫೋನಿನಲ್ಲಿ ಅವನ ಹಿಂದೆ ಯಾವುದೋ ಗಿರಾಕಿಯ ಫೋನು ಹೊಡೆದುಕೊಳ್ಳುತ್ತಿದೆ, ತೆಗೆಯಲಿಲ್ಲ. ಒಂದು ಹೆಜ್ಜೆ ಮುಂದಿಟ್ಟ. ಅಕ್ಕ, ಅದೇನದು. ತುಳೀಬೇಡ, ಸ್ವಲ್ಪ ಸರ್ಕೊ — ನನ್ನ ಬಾಯಿಂದಲೇ ಬಂತು, ಇಷ್ಟು ವರ್ಷಕ್ಕೆ ಮೊದಲ ಸಲ, ಸರ್ಕೊ. ಅವನು ನಿಂತ. ಅಲ್ಲ ಅಕ್ಕ, ಅದು ಏನು. ನಾಲ್ಕು ಗಿಡ, ನಡುವೆ ಕಡ್ಡಿ, ಕಡ್ಡಿಯ ಬುಡದಲ್ಲಿ ಎರಡೆಲೆ, ಗಾಳಿಯಿಲ್ಲ, ಅಲುಗುವುದಿಲ್ಲ, ಎರಡೆಲೆ — ಗೊತ್ತಿಲ್ಲ ಕಣೋ, ನನಗಿನ್ನೂ ಗೊತ್ತಿಲ್ಲ.