ಸಂಬಂಧ ಇರತಕ್ಕದ್ದಲ್ಲ

ಬ್ಯಾಡಗಿ ಕೋರ್ಟಿನಲ್ಲಿ ಹದಿನಾರು ವರ್ಷ ಜಗಳ ಮಾಡಿಯೇ ಹೊಟ್ಟೆ ಹೊರೆದ ವಕೀಲೆ ದುರ್ಗಾಗೆ, ಜಗಳ ಬಿಡಿಸುವ ವಿದ್ಯೆಯನ್ನು ಹಾವೇರಿಯ ಮಧ್ಯಸ್ಥಿಕೆ ತರಬೇತಿಯಲ್ಲಿ ಐದೇ ದಿನದಲ್ಲಿ ಕಲಿಸಿ ಕಳಿಸಿದರು. ಲಾ ಕಾಲೇಜಿನಲ್ಲಿ ಯಾರೂ ಅದರ ಸುದ್ದಿಯನ್ನೇ ತೆಗೆದಿರಲಿಲ್ಲ. ಎದುರು ಪಕ್ಷದ ಸಾಕ್ಷಿಯ ಬೆವರಿಳಿಸುವುದು ಹೇಗೆಂದು ಕಲಿಸಿದ್ದರು, ಅವನಿಗೊಂದು ಲೋಟ ನೀರು ಕೊಡಿ ಎಂದು ಯಾರು ಹೇಳಿದ್ದರು? ಈಗ ಹೇಳಿದರು. ಕಿವಿಗೊಟ್ಟು ಕೇಳಿ, ನಡುವೆ ಬಾಯಿ ಹಾಕಬೇಡಿ, ಯಾರ ಕಡೆಗೂ ವಾಲಬೇಡಿ, ರಾಜಿ ಮಾಡಿಸಿದ ಮೇಲೆ ಯಾವ ಪಕ್ಷದ ವಕೀಲಿಯನ್ನೂ ಹಿಡಿಯಬೇಡಿ. ಮಧ್ಯಾಹ್ನದ ಊಟವಂತೂ ಬಲು ಚೆನ್ನಾಗಿತ್ತು.

ಪಕ್ಕದ ಟೇಬಲ್ಲಿನ ವಕೀಲ ಮನೋಹರನಿಗೆ ಇದೆಲ್ಲ ನಗೆಚಾಟಿಕೆ. “ಮೇಡಮ್ಮಾರ, ನೀವು ರಾಜಿ ಮಾಡಿಸಿದ ಕೇಸು ವರ್ಷದೊಳಗ ತಿರುಗಿ ನನ್ನ ಕಡೆ ಬರತೈತಿ, ನೋಡಕೋತ ಇರ್ರಿ,” ಅಂದ. ದುರ್ಗಾಗೆ ಅದು ಚುಚ್ಚಿತು. ಹದಿನಾರು ವರ್ಷದಲ್ಲಿ ಅವಳು ಗೆದ್ದ ಕೇಸುಗಳಿದ್ದವು, ಸೋತವೂ ಇದ್ದವು, ಆದರೆ ಮುಗಿದದ್ದು ಅಂತ ಒಂದೂ ಇರಲಿಲ್ಲ. ಎಲ್ಲವೂ ಮೇಲಿನ ಕೋರ್ಟಿಗೆ ಏಣಿ ಹಾಕಿದ್ದವು. ಸಾಯುವುದರೊಳಗೆ ಒಂದೇ ಒಂದು ಕೇಸಾದರೂ ಖರೇ ಖರೇ ಮುಗಿಯುವುದನ್ನು ಕಣ್ಣಿಂದ ನೋಡಬೇಕು ಅಂತ ಅವಳಿಗೆ ಹಟ ಹುಟ್ಟಿತು.

ಮೊದಲು ಸಿಕ್ಕಿದ್ದು ಅಕ್ಕ-ತಮ್ಮಂದಿರ ಪಾಲಿನ ದಾವೆ. ಅಕ್ಕ ಮೈಲವ್ವನನ್ನು ಕೊಟ್ಟದ್ದು ರಾಣೇಬೆನ್ನೂರಿಗೆ; ತಮ್ಮ ಬೀರಲಿಂಗಪ್ಪ ತವರೂರು ಮೋಟೆಬೆನ್ನೂರಿನಲ್ಲಿದ್ದ. ಹೆದ್ದಾರಿ ಪಕ್ಕದ ಎರಡೆಕರೆಗಾಗಿ ಇಬ್ಬರೂ ಆರು ವರ್ಷದಿಂದ ಮಾತು ಬಿಟ್ಟಿದ್ದರು. ದುರ್ಗಾ ಕಲಿತ ವಿದ್ಯೆಯನ್ನೆಲ್ಲ ಹೂಡಿದಳು, ಅಂದರೆ ಸುಮ್ಮನೆ ಕೂತಳು. ಮೂರು ದಿನ ಅವರು ಸತ್ತ ಹಿರಿಯರನ್ನೆಲ್ಲ ಮಾತಿಗೆ ಎಳೆತಂದು ಬೈದಾಡಿದರು. ನಾಲ್ಕನೆಯ ದಿನ ಬೈಗುಳದ ದಾಸ್ತಾನು ಖಾಲಿಯಾಗಿ, “ಆತು ಬಿಡ್ರಿ, ಒಂದೆಕರೆ ಅಕ್ಕಗ ಹೋಗಲಿ,” ಅಂದ ಬೀರಲಿಂಗಪ್ಪ.

ದುರ್ಗಾ ಹಿಗ್ಗಿ ಹೀರೇಕಾಯಿಯಾದಳು. ಟೈಪಿಸ್ಟ್ ಹಳೆಯ ನಮೂನೆಯ ಮೇಲೆ ಹೆಸರು ಬದಲಿಸಿ ರಾಜಿಪತ್ರ ತಂದುಕೊಟ್ಟ. ಅವಳು ಗಟ್ಟಿಯಾಗಿ ಓದಿದಳು. ಕೊನೆಯ ಸಾಲು: “ಇಂದಿನಿಂದ ಉಭಯ ಪಕ್ಷಗಾರರಿಗೆ ಪರಸ್ಪರ ಯಾವುದೇ ತರಹದ ಸಂಬಂಧ ಇರತಕ್ಕದ್ದಲ್ಲ.” ಎಲ್ಲ ಪತ್ರದಲ್ಲೂ ಇರುವ ಸಾಲು. ಬರೆಯುವವರು ಬರೆಯುತ್ತಾರೆ, ಓದುವವರು ಓದುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಮೈಲವ್ವ ಕೇಳಿಸಿಕೊಂಡಳು.

“ಏನಂದ್ರಿ? ಸಂಬಂಧ ಇರೂದಿಲ್ಲಂದ್ರ, ಪಂಚಮಿಗೆ ಇವ ನನ್ನ ಕರಿಯಾಕ ಬರೂದಿಲ್ಲೇನು?” ಪೆನ್ನು ಕೆಳಗಿಟ್ಟಳು.

“ಆರು ವರ್ಷದಿಂದ ಬಂದಿಲ್ಲಲ್ಲ ಯವ್ವಾ,” ಎಂದು ದುರ್ಗಾ ನಡುವೆ ಬಾಯಿ ಹಾಕಿಯೇಬಿಟ್ಟಳು.

“ಬಂದಿಲ್ಲ, ಖರೇ. ಬರಬಾರದು ಅಂತ ಯಾರೂ ಕಾಗದದಾಗ ಬರದಿದ್ದಿಲ್ಲ.”

ಬೀರಲಿಂಗಪ್ಪ ಎದ್ದೇ ನಿಂತ. “ನಾ ಹೊಲಾ ಕೊಡತೇನಿ ಅಂದೇನಿ, ವಕೀಲಬಾಯಾರ. ಅಕ್ಕನ್ನ ಬಿಡತೇನಿ ಅಂತ ಯಾವಾಗ ಅಂದೆ?”

ಅದು ಬರೀ ಕಾಗದದ ಭಾಷೆ ಎಂದು ದುರ್ಗಾ ಕೈಮುಗಿದು ಹೇಳಿದಳು. ಯಾರು ಕೇಳಬೇಕು! ಆರು ವರ್ಷದಲ್ಲಿ ಮೊದಲ ಸಲ ಅಕ್ಕ ತಮ್ಮ ಒಂದಾಗಿದ್ದರು, ಅದೂ ಅವಳ ವಿರುದ್ಧ. ಕಡೆಗೆ ಆ ಸಾಲು ಹೊಡೆದು, ಇಬ್ಬರೂ ಹೇಳಿದಂತೆಯೇ ಬರೆದಳು: “ಪ್ರತಿ ವರ್ಷ ನಾಗರ ಪಂಚಮಿಗೆ ತಮ್ಮನು ಖುದ್ದಾಗಿ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯತಕ್ಕದ್ದು.” ಅದೇ ಪ್ರಕಾರ ಡಿಕ್ರಿಯಾಯಿತು.

ಡಿಕ್ರಿಯಾದ ಮೇಲಿನ ಮೊದಲ ಪಂಚಮಿ ಮುಗಿದು ಮೂರು ದಿನವಾಗಿತ್ತು. ಮೈಲವ್ವ ಡಿಕ್ರಿಯ ನಕಲು ಹಿಡಿದು ಬಂದಳು.

“ಖುದ್ದು ಅಂತ ಬರದೈತಿ. ಮಗನ ಕೈಯಾಗ ಬೈಕ್ ಕೊಟ್ಟು ಕಳಿಸ್ಯಾನ. ನಾ ಹತ್ತಲಿಲ್ಲ. ಹಾಕ್ರಿ ಕೇಸು!”

ದುರ್ಗಾ ನಕಲನ್ನು ಅವಳ ಕಡೆಗೇ ಸರಿಸಿದಳು. “ನಾ ಹಾಕಾಕ ಬರೂದಿಲ್ಲ ಯವ್ವಾ, ಕಾಯಿದೆ ಐತಿ.”

“ಬರ್ರಿ, ಇಲ್ಲಿ ಕುಂದ್ರಿ,” ಎಂದು ಮನೋಹರ ಕುರ್ಚಿ ಎಳೆದು, ಪೆನ್ನಿನ ಟೊಪ್ಪಿಗೆ ತೆಗೆದ.

ದುರ್ಗಾಗೆ ತಡೆಯಲಾಗಲಿಲ್ಲ. ಬೀರಲಿಂಗಪ್ಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ, ಅಕ್ಕ ನೋಟೀಸು ಬರೆಸುತ್ತಿದ್ದಾಳೆ ಎಂದಳು.

“ಕಳಸ್ರಿ ನೋಟೀಸು,” ಅಂದ ಅವನು. “ನಾನೂ ಒಂದು ಕಳಸತೇನಿ. ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಕೊಂಡು ಇಪ್ಪತ್ತು ದಿನಾ ಆತು. ಅಕ್ಕ ಅನ್ನಾಕಿ ಬಂದು ನೋಡ್ಯಾಳೇನು, ಕೇಳ್ರಿ!”

ಮೈಲವ್ವ ಫೋನು ಕಸಿದುಕೊಂಡಳು. “ಕಾಲು ಮುರದೈತಿ? ಯಾರಿಗೆ ಹೇಳಿದ್ಯೋ ಮೂಳಾ? ನಿನ್ನ ಮಗಗ ಬಾಯಿ ಇದ್ದಿಲ್ಲೇನು?”

“ನಾನ ಹೇಳಬ್ಯಾಡ ಅಂದಿದ್ದೆ. ಹೇಳಿದ್ರ, ಕರಿಯೂದು ತಪ್ಪಿಸಾಕ ನೆಪಾ ಹೇಳತಾನ ಅಂತಿದ್ದಿ.”

“ಅಂತಿದ್ದೆ! ಅಂದಮ್ಯಾಲೆ ಓಡಿ ಬರತಿದ್ದಿಲ್ಲೇನು?”

ಅರ್ಧ ತಾಸು ಹೀಗೇ ನಡೆಯಿತು. ದುರ್ಗಾಗೆ ಸಂತೋಷವೂ ಆಯಿತು, ತನ್ನನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಮೈಲವ್ವ ಫೋನು ಅವಳ ಕೈಗಿಟ್ಟು, ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ಲಗೂ ಹೋದರೆ ಮೋಟೆಬೆನ್ನೂರಿನ ಬಸ್ಸು ಸಿಗುತ್ತಿತ್ತು.

“ಹಂಗಾರ ಕೇಸು ಮುಗೀತಲ್ಲ ಯವ್ವಾ?” ದುರ್ಗಾ ಆಸೆಯಿಂದ ಕೇಳಿದಳು.

ಮೈಲವ್ವ ಬಾಗಿಲಲ್ಲೇ ಗಕ್ಕನೆ ನಿಂತಳು. “ಅಯ್ಯ, ಮುಗಸಬ್ಯಾಡ್ರಿ ನನ್ನವ್ವಾ! ಮುಗಿದ್ರ ಅವ ಮುಂದಿನ ವರ್ಷ ಬರತಾನೇನು?” ಅಂದು, ಮನೋಹರನ ಕಡೆ ತಿರುಗಿದಳು. “ಸಾಹೇಬ್ರ, ಆ ನೋಟೀಸು ಬರದು ಇಟ್ಟಿರ್ರಿ. ತಾರೀಖು ಅಷ್ಟ ಖಾಲಿ ಬಿಡ್ರಿ.”