ಮುಖ ಕೊಟ್ಟು ಹಾಡು

ಇಂಗ್ಲೆಂಡಿನ ಬರ್ನ್ಲಿಯ ಮಗ್ಗದ ಶೆಡ್ಡಿನಲ್ಲಿ ಅರ್ಧ ಆಯಸ್ಸು ಸವೆಸಿದ ಎನಿಡ್‌ಗೆ ಕಿವಿ ಹೋಗಿತ್ತು. ಹೋದರೇನು, ಕಣ್ಣೇ ಕಿವಿಯಾಗಿತ್ತು. ಅಲ್ಲಿನ ಹೆಂಗಸರೆಲ್ಲ ಮಗ್ಗಗಳ ಆರ್ಭಟದ ನಡುವೆ ದನಿಯಿಲ್ಲದೆ ತುಟಿ ಅಗಲಿಸಿಯೇ ಹರಟುತ್ತಿದ್ದರು, ಒಂದು ಚಾಡಿಯೂ ತಪ್ಪುತ್ತಿರಲಿಲ್ಲ. ಅಂಥವಳ ಮನೆಯಲ್ಲಿ ಮುಖ ತಿರುಗಿಸಿ ಮಾತಾಡುವುದೆಂದರೆ ಬಾಗಿಲು ಹಾಕಿ ಅಗುಳಿ ಜಡಿದ ಹಾಗೆ. ಮಗಳು ಗ್ಲೆನಿಸ್ ಚಳಿಗಾಲದಿಂದ ಅದನ್ನೇ ಮಾಡುತ್ತಿದ್ದಳು.

ಗಂಡ ವಾಲ್ಟರ್ ತೀರಿಕೊಂಡ ರಾತ್ರಿ ಮಗಳು ಗುಡ್ಡದಾಚೆಯ ಲೀಡ್ಸ್‌ನಲ್ಲಿ ತನ್ನ ತಂಡದ ಜೊತೆ ಹಾಡಲು ಹೋಗಿದ್ದಳು. ಕಪ್ಪು ಬಟ್ಟೆ, ಕರ್ಕಶ ಗಿಟಾರು, ಸಾವು ಸಮಾಧಿಯ ಹಾಡು. ಬೆಳಿಗ್ಗೆ ಬಂದು ಹೊಸ್ತಿಲಲ್ಲಿ ನಿಂತವಳಿಗೆ ಎನಿಡ್, "ಅಪ್ಪನಿಗಿಂತ ಆ ಹಾಳು ಗದ್ದಲವೇ ಹೆಚ್ಚಾಯ್ತೇನೇ ನಿಂಗೆ?" ಅಂದುಬಿಟ್ಟಳು. ಎಲುಬಿಲ್ಲದ ನಾಲಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಈಗ, ೧೯೮೨ರ ಬೇಸಿಗೆಯಲ್ಲಿ, ತಂಡದ ಮೊದಲ ಆಲ್ಬಮ್ ಮುಗಿಯುತ್ತ ಬಂದಿತ್ತು. ಮುಗಿದರೆ ಹುಡುಗಿ ಲಂಡನ್ನಿಗೆ ಹೊರಡುವವಳು. ಹೀಗೇ ಬೆನ್ನು ತೋರಿಸಿಕೊಂಡೇ ಹೋಗಿಬಿಟ್ಟರೆ? ತಡೆಯಲಾರದೆ ಎನಿಡ್ ಹಿಟ್ಟಿನ ಹೊದಿಕೆಯೊಳಗೆ ಮಾಂಸ, ಆಲೂಗಡ್ಡೆ ತುಂಬಿದ ಪೈ ಬೇಯಿಸಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಸ್ಟುಡಿಯೋಗೆ ನಡೆದಳು.

ತಂಡದ ಗಿಟಾರಿನ ಹುಡುಗ ಕೀತ್ ಬಾಗಿಲು ತೆರೆದ.

"ಬನ್ನಿ ಆಂಟಿ, ಕೊನೇ ಹಾಡು ನಡೀತಿದೆ."

"ಅದೇನೋ ಕಣ್ಣಿಗೆ? ಬಾಣಲೆ ತಳ ಒರೆಸ್ಕೊಂಡ್ಯಾ?"

"ಇದು ಕಲೆ, ಆಂಟಿ."

"ಕಲೇನೇ. ಸೋಪ್ ಹಾಕಿ ತಿಕ್ಕು, ಹೋಗತ್ತೆ."

ಗಾಜಿನಾಚೆಯ ಕೋಣೆಯಲ್ಲಿ ಕತ್ತಲು, ಒಂದೇ ಮೇಣದಬತ್ತಿ. ಗ್ಲೆನಿಸ್ ಗೋಡೆಗೆ ಮುಖ ಮಾಡಿ ಹಾಡುತ್ತಿದ್ದಳು. ಇಲ್ಲೂ ಬೆನ್ನೇ! ಎನಿಡ್ ಈಚೆ ಸ್ಪೀಕರಿನ ಮುಂದಿದ್ದ ಮೇಜಿನ ಮೇಲೆ ಅಂಗೈ ಊರಿದಳು. ಡ್ರಮ್ ಯಂತ್ರದ ಬಡಿತ ಮೊಣಕೈವರೆಗೂ ಹತ್ತಿತು. ಅಯ್ಯೋ, ಇದು ಹಾಳು ಗದ್ದಲವಲ್ಲ, ಇದು ನಮ್ಮ ಶೆಡ್ಡು! ಮುಚ್ಚಿಹೋದ ಆ ಮಗ್ಗಗಳನ್ನು ಇಷ್ಟು ದಿನ ಎಷ್ಟು ನೆನೆಸಿಕೊಂಡಿದ್ದಳೆಂದು ಅವಳಿಗೆ ಆಗ ತಿಳಿಯಿತು.

"ಒಂದು ಪದಾನೂ ತಿಳಿಯಲ್ಲ," ಧ್ವನಿಮುದ್ರಣದ ಡೆರೆಕ್ ಅವಳತ್ತ ತಿರುಗಿ ಗೊಣಗಿದ. "ದನಿ ಏರಿಸ್ತೀನಿ ಅಂದ್ರೆ ಬೇಡ ಅಂತಾಳೆ. ಯಾರಿಗೂ ಕೇಳಿಸ್ಬಾರ್ದಂತೆ. ಮತ್ತೆ ಹಾಡೋದ್ಯಾಕೆ?"

"ಆ ಕೋಣೆ ದೀಪದ ಸ್ವಿಚ್ ಎಲ್ಲಿದೆಯಪ್ಪಾ?"

ಅವನು ತೋರಿಸಿದ. ಎನಿಡ್ ದೀಪ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತ ಹೆಂಡತಿಯನ್ನು ವಾಲ್ಟರ್ ಕರೆಯುತ್ತಿದ್ದುದು ಹೀಗೆಯೇ. ಗ್ಲೆನಿಸ್ ಗಕ್ಕನೆ ತಿರುಗಿದಳು. ಬಿಳಿ ಪೌಡರಿನ ಮುಖದಲ್ಲಿ ಅವಳ ಕಣ್ಣುಗಳು ಅಪ್ಪನನ್ನು ಹುಡುಕುತ್ತಿದ್ದವು.

ಮಗಳಿಗೆ ಎಳವೆಯಿಂದಲೇ ರೂಢಿಯಿದ್ದ ಶೆಡ್ಡಿನ ಮಾತಿನಲ್ಲಿ ಎನಿಡ್ ದನಿಯಿಲ್ಲದೆ ತುಟಿ ಅಗಲಿಸಿದಳು: "ನಾನಂದಿದ್ದು ತಪ್ಪು ಕಣೇ. ಮುಖ ಕೊಟ್ಟು ಹಾಡು, ನಂಗೂ ಕೇಳ್ಲಿ."

ಗ್ಲೆನಿಸ್ ಮುಖದ ಮೇಲಿನ ಕೂದಲು ಸರಿಸಿ, ಮೈಕನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡಳು. ಡೆರೆಕ್ ಟೇಪನ್ನು ಹಿಂದಕ್ಕೆ ಸುತ್ತಿದ.

ಎನಿಡ್ ಒಂದೊಂದೇ ಮಾತು ನೋಡಿದಳು. ಆ ರಾತ್ರಿ ಅಪ್ಪನಿಗೆ ಕಾಯಿಲೆ ಹೆಚ್ಚಾಗಿದೆಯೆಂದು ತಿಳಿದು ಲೀಡ್ಸ್‌ನಿಂದ ಹಾಡದೆಯೇ ಹೊರಟದ್ದು. ಹಿಮ ಬಿದ್ದು ಬಸ್ಸು ಅರ್ಧ ದಾರಿಯಲ್ಲೇ ನಿಂತದ್ದು. ಅಲ್ಲಿಂದ ರಾತ್ರಿಯಿಡೀ ನಡೆದದ್ದು, ಹೊಸ್ತಿಲಲ್ಲಿ ಅಮ್ಮ ಆಡಿದ ಮಾತು. ಆ ಬೆಳಿಗ್ಗೆ ಮಗಳ ಬೂಟು ಒದ್ದೆಮುದ್ದೆಯಾಗಿತ್ತು. ನೋಡಿದ್ದಳು ಎನಿಡ್, ಯಾಕೆಂದು ಕೇಳಿರಲಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು.

ಹಾಡು ಮುಗಿದರೂ ಯಂತ್ರ ಬಡಿಯುತ್ತಲೇ ಇತ್ತು, ಟೇಪು ಓಡುತ್ತಲೇ ಇತ್ತು. ಗ್ಲೆನಿಸ್ ಬರೀ ತುಟಿ ಆಡಿಸಿದಳು: "ಅಳ್ಬೇಡಮ್ಮಾ. ಅದೇನು ಟವೆಲ್ಲಲ್ಲಿ, ಪೈಯಾ?"

"ಹೂಂ. ಆರಿಹೋಗಿದೆ."

"ಇರ್ಲಿ. ಕೀತ್ ಕೈಗೆ ಮಾತ್ರ ಕೊಡ್ಬೇಡ, ಪೂರ್ತಿ ಮುಗಿಸ್ತಾನೆ."

ಆ ಆಲ್ಬಮ್ ಇವತ್ತಿಗೂ ಸಿಗುತ್ತದೆ. ಕೊನೆಯಲ್ಲಿ ಹಾಡಿಲ್ಲದೆ ಬರೀ ಬಡಿತ ಬರುತ್ತದಲ್ಲ, ಅದನ್ನು ಕೇಳಿದರೆ ಸಾವೇ ಬಂದು ಪಕ್ಕದಲ್ಲಿ ನಿಂತ ಹಾಗಾಗುತ್ತದೆ ಅನ್ನುತ್ತಾರೆ ಕಪ್ಪು ಬಟ್ಟೆಯ ಹುಡುಗರು. ಅನ್ನಲಿ ಪಾಪ. ಅಲ್ಲಿ ತಾಯಿ ಮಗಳು ಪೈ ವಿಚಾರ ಮಾತಾಡುತ್ತಿದ್ದಾರೆ.